ತಾನಾಗಿ ಉದ್ದವಾಗುವ ಕೇಬಲ್ಲು ಮತ್ತು ನನ್ನ ಪಕ್ಕದ ಕುರ್ಚಿ

ಕೆಲಸದ ನಡುವೆ ಯಾರಾದರೂ ಬಂದು ತೊಂದರೆ ಕೊಡುತ್ತಾರೆ ಎಂದು ಗೊಣಗುವವರ ಮಾತನ್ನು ನಾನು ಈಚೆಗೆ ನಂಬುವುದನ್ನು ಬಿಟ್ಟಿದ್ದೇನೆ. "ಅಯ್ಯೋ, ಉಸಿರಾಡೋಕೂ ಪುರಸೊತ್ತು ಕೊಡಲ್ಲ ಕಣ್ರೀ, ಎಲ್ಲದಕ್ಕೂ ನಾನೇ ಬೇಕು" ಎಂದು ಹಣೆ ಚಚ್ಚಿಕೊಳ್ಳುವವರ ಮುಖವನ್ನು ಸ್ವಲ್ಪ ಗಮನವಿಟ್ಟು ನೋಡಿ. ಹುಬ್ಬು ಗಂಟಿಕ್ಕಿರುತ್ತದೆ ನಿಜ, ಆದರೆ ತುಟಿಯ ಅಂಚಿನಲ್ಲಿ ಮದುವೆ ಮನೆಯ ಯಜಮಾನಿಯ ಗತ್ತು ಇಣುಕುತ್ತಿರುತ್ತದೆ. ಇಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀಯಮ್ಮ ಎಂದು ಕೇಳಬೇಡಿ. ವರ್ಷಗಟ್ಟಲೆ ಹಾಗೆ ಹಣೆ ಚಚ್ಚಿಕೊಂಡವಳು ನಾನೇ. ಆಮೇಲೆ ನನ್ನ ಕೈಯಾರೆ ಒಂದು ಕೇಬಲ್ಲು ಮಾಡಿದೆ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ನನ್ನನ್ನು ತೊಂದರೆಪಡಿಸಲು ಒಂದು ನರಪಿಳ್ಳೆಯೂ ಬರದಂತಾಯಿತು. ಆ ಕಥೆಯನ್ನು ಹೇಳಿಕೊಳ್ಳೋಣವೆಂದರೆ ಆಫೀಸಿನಲ್ಲಿ ಕೇಳುವವರಿರಲಿಲ್ಲ, ಮನೆಯಲ್ಲಂತೂ ಕುಕ್ಕರ್ ಒಂದೇ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ.

ಮೊದಲು ನನ್ನ ಕೆಲಸವೇನೆಂದು ಹೇಳಿಬಿಡಬೇಕು. ಇದನ್ನು ನಮ್ಮ ಅತ್ತಿಗೆಗೆ ಅರ್ಥ ಮಾಡಿಸಲು ನಾನು ಎಷ್ಟೋ ಹಬ್ಬಗಳನ್ನು ಹಾಳುಮಾಡಿದ್ದೇನೆ. ಚೆನ್ನೈನ ಪೆರುಂಗುಡಿಯಲ್ಲಿ, ಗಾಜಿನ ಕಟ್ಟಡಗಳ ಸಾಲಿನಲ್ಲಿ, ಹೆಸರು ಹೇಳುವಷ್ಟು ದೊಡ್ಡದಲ್ಲದ ನಮ್ಮ ಕಂಪನಿಯಿದೆ. ಬಾಟಲಿಗೆ ಶಾಂಪೂ, ಡಬ್ಬಿಗೆ ಎಣ್ಣೆ ತುಂಬುವ ಯಂತ್ರಗಳನ್ನು ನಾವು ಕಂಪ್ಯೂಟರಿನೊಳಗೆ ಇಡಿಯಾಗಿ ಕಟ್ಟುತ್ತೇವೆ. ಅಲ್ಲಿ ಕಟ್ಟಿದ್ದನ್ನು ನೋಡಿಕೊಂಡು ಅಂಬತ್ತೂರಿನ ಶೆಡ್ಡಿನಲ್ಲಿ ಫಿಟ್ಟರುಗಳು ನಿಜವಾದ ಕಬ್ಬಿಣದಲ್ಲಿ ಕಟ್ಟುತ್ತಾರೆ. ಪ್ರತಿ ಸಲ ಸ್ಕ್ರೂವಿನಿಂದ ಶುರುಮಾಡಿ ಬಿಡಿಸುತ್ತಾ ಕೂತರೆ ಆಯಸ್ಸು ಸಾಲದು ಎಂದು ಕಂಪ್ಯೂಟರಿನಲ್ಲೇ ಒಂದು ಲೈಬ್ರರಿ ಇಟ್ಟುಕೊಂಡಿದ್ದೇವೆ. ಪುಸ್ತಕದ್ದಲ್ಲ, ಬಿಡಿಭಾಗಗಳದ್ದು. ಸ್ಕ್ರೂ ಬೇಕೇ, ಎಳೆದು ತಂದು ಕೂರಿಸು. ಮೋಟಾರ್ ಬೇಕೇ, ಎಳೆದು ತಂದು ಕೂರಿಸು. ಆ ಲೈಬ್ರರಿಯ ಉಸ್ತುವಾರಿ ನಾನು. ಅದರಲ್ಲೂ ಕೇಬಲ್ಲುಗಳು ಪೂರ್ತಿ ನನ್ನ ಪಾಲು.

"ದಿನಾ ಪೂರಾ ವೈರ್ ಬರೀತೀಯಾ?" ಎಂದು ಅತ್ತಿಗೆ ಪ್ರತಿ ದೀಪಾವಳಿಗೂ ಹೊಸದಾಗಿ ಕೇಳುತ್ತಾರೆ. "ಅದಕ್ಕೆ ಅಣ್ಣಾ ನಗರದಿಂದ ಅಷ್ಟು ದೂರ ಹೋಗ್ಬೇಕಾ? ನಮ್ಮ ಮನೆ ಎಲೆಕ್ಟ್ರೀಷಿಯನ್ ಏನೂ ಬರೀದೇನೇ ಸೀದಾ ಎಳ್ದು ಹೋಗ್ತಾನಲ್ಲ!" ಪಕ್ಕದಲ್ಲಿ ಕೂತ ಅವರ ಮಗ ಮೊಬೈಲಿನಿಂದ ತಲೆಯೆತ್ತದೆ, "ಅತ್ತೆ ಡಿಸೈನರ್ ಮಾ, ಉನಕ್ಕು ಪುರಿಯಾದು" ಎಂದು ತಮಿಳಿನಲ್ಲಿ ನನ್ನ ಪರ ವಾದಿಸುತ್ತಾನೆ. ನಿನಗೆ ಅರ್ಥವಾಗಲ್ಲ ಬಿಡಮ್ಮ ಎಂದು. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ನಮ್ಮ ಮನೆತನದ ಹುಡುಗ ಅವನು. ಕನ್ನಡ ಅವನ ಕಿವಿಯವರೆಗೆ ಬರುತ್ತದೆ, ನಾಲಿಗೆಗೆ ಇಳಿಯುವುದಿಲ್ಲ. ಆದರೂ ನನ್ನ ಪರವಾಗಿ ಮಾತಾಡುವವನು ಅವನೊಬ್ಬನೇ ಆದ್ದರಿಂದ ನಾನು ತಕರಾರು ತೆಗೆಯುವುದಿಲ್ಲ.

ಅತ್ತಿಗೆಗೆ ಗೊತ್ತಿಲ್ಲದ ಸಂಗತಿಯೆಂದರೆ ಕೇಬಲ್ಲಿನಷ್ಟು ತಂಟೆಕೋರ ವಸ್ತು ಇನ್ನೊಂದಿಲ್ಲ. ಸ್ಕ್ರೂ ಎಲ್ಲಿ ಹೋದರೂ ಸ್ಕ್ರೂವೇ. ಕೇಬಲ್ಲು ಹಾಗಲ್ಲ. ಈ ಯಂತ್ರದಲ್ಲಿ ಮೊಳದುದ್ದ, ಆ ಯಂತ್ರದಲ್ಲಿ ಮಾರುದ್ದ. ಇಲ್ಲಿ ನೆಟ್ಟಗೆ, ಅಲ್ಲಿ ಮೂಲೆ ಸುತ್ತಿ. ಒಂದು ಕಡೆಗೆಂದು ಬಿಡಿಸಿದ್ದು ಇನ್ನೊಂದು ಕಡೆ ಹೊಂದುವುದೇ ಇಲ್ಲ. ಹಾಗಾಗಿ ಪ್ರತಿಯೊಬ್ಬರ ಪ್ರತಿಯೊಂದು ಯಂತ್ರಕ್ಕೂ ನಾನು ಒಂದೊಂದು ಕೇಬಲ್ಲನ್ನೂ ಹೊಸದಾಗಿ ಬಿಡಿಸಿಕೊಡುತ್ತಿದ್ದೆ. ಬಿಡಿಸಿ ಮುಗಿಸಿದ ಮೇಲೆ ಆ ಮಹಾರಾಯರು ಮೋಟಾರನ್ನು ಅಂಗುಲದಷ್ಟು ಆಚೆ ಸರಿಸುತ್ತಿದ್ದರು. ಕೇಬಲ್ಲು ಹಳೆಯ ಜಾಗದಲ್ಲೇ ಗಾಳಿಯಲ್ಲಿ ಬಾಯಿಬಿಟ್ಟುಕೊಂಡು ನಿಂತಿರುತ್ತಿತ್ತು. ಆಗ ನನ್ನ ಮೇಜಿಗೆ ಬರಲೇಬೇಕು. "ವತ್ಸಲಾ ಮೇಡಂ, ಮೋಟಾರ್ ಸ್ವಲ್ಪ ಜರುಗಿದೆ." ನಮ್ಮ ಆಫೀಸಿನ ಮಾತೆಲ್ಲ ತಮಿಳು, ಉಳಿದದ್ದು ಇಂಗ್ಲಿಷು, ನಿಮಗೋಸ್ಕರ ಕನ್ನಡಕ್ಕೆ ತರುತ್ತಿದ್ದೇನೆ.

ಹಾಗೆ ಬಂದವರಿಗೆಂದು ನನ್ನ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿಯಿತ್ತು. ಒಂದು ಚಕ್ರ ಸೊಟ್ಟಗಿದ್ದ ಕುರ್ಚಿ. ಕೂತವರು ತುಸು ಎಡಕ್ಕೆ ವಾಲಿಕೊಂಡೇ ಮಾತಾಡುತ್ತಿದ್ದರು. ನಾನು "ಈಗ ತಾನೇ ಮಾಡಿಕೊಟ್ಟೆನಲ್ಲ, ನಿಮಗೆಲ್ಲ ಕೈ ತುರಿಸುತ್ತಾ?" ಎಂದು ಬೈಯುತ್ತಾ ಕೇಬಲ್ಲು ಸರಿಪಡಿಸುತ್ತಿದ್ದೆ, ಅವರು ನನ್ನ ಡ್ರಾಯರಿನಿಂದ ಕೋಡುಬಳೆ ಡಬ್ಬಿಯನ್ನು ತಾವೇ ತೆಗೆದುಕೊಂಡು ತಿನ್ನುತ್ತಿದ್ದರು. ತಿನ್ನುತ್ತಾ ಬಾಯಿ ಸುಮ್ಮನಿರುತ್ತದೆಯೇ? ಯಾರ ತಂಗಿಗೆ ಗಂಡು ಒಪ್ಪಿಗೆಯಾಯಿತು, ಯಾರ ಮಗ ಶಾಲೆಯಲ್ಲಿ ಮೇಷ್ಟರ ಕುರ್ಚಿಗೆ ಗೋಂದು ಹಚ್ಚಿದ, ಯಾರ ಅತ್ತೆ ಊರಿಗೆ ಹೋಗುತ್ತೇನೆಂದವರು ಹೋಗದೆ ಉಳಿದುಬಿಟ್ಟರು, ಎಲ್ಲವೂ ನನಗೆ ಮೊದಲು ತಿಳಿಯುತ್ತಿತ್ತು. ನಿವೇದಾ ಎಂಬ ಡಿಸೈನರ್ ಅಂತೂ ತನ್ನ ಮದುವೆಗೆ ಯಾವ ಬಣ್ಣದ ಸೀರೆ ಎಂಬುದನ್ನು ಆ ಕುರ್ಚಿಯಲ್ಲಿ ಕೂತೇ ತೀರ್ಮಾನ ಮಾಡಿದಳು. ಆ ಸೀರೆ ತೀರ್ಮಾನವಾಗುವಷ್ಟರಲ್ಲಿ ಅವಳ ಮೋಟಾರ್ ಎಷ್ಟು ಸಲ ಜರುಗಿತೋ ದೇವರೇ ಬಲ್ಲ.

ಇದನ್ನೆಲ್ಲ ದೂರದಿಂದ ನೋಡುತ್ತಿದ್ದವರು ನಮ್ಮ ಮ್ಯಾನೇಜರ್ ಸೆಂದಿಲ್. ನನ್ನ ವಯಸ್ಸಿನವರೇ, ಅಂದರೆ ನಿವೃತ್ತಿಯ ವಾಸನೆ ಮೂಗಿಗೆ ಬಡಿಯುವ ವಯಸ್ಸು. ಹೆಂಡತಿ ಮಕ್ಕಳು ಕೊಯಮತ್ತೂರಿನಲ್ಲಿ, ಇವರು ಇಲ್ಲಿ ವೇಳಚ್ಚೇರಿಯಲ್ಲಿ ರೂಮು ಮಾಡಿಕೊಂಡು ಹೋಟೆಲ್ ಊಟ. ಮಾತು ಕಡಿಮೆ, ಸಕ್ಕರೆ ಕಾಯಿಲೆ ಜಾಸ್ತಿ. ಒಂದು ದಿನ ತಮ್ಮ ಕ್ಯಾಬಿನ್ನಿಗೆ ಕರೆಸಿ ಹೇಳಿದರು: "ಮೇಡಂ, ಎಲ್ಲರಿಗೂ ಒಂದೇ ಕೇಬಲ್ ಮಾಡಿಡಿ. ಒರು ತಡವೆ ಪಣ್ಣಿಟ್ಟಾ ಪೋದುಂ." ಒಂದು ಸಲ ಮಾಡಿಟ್ಟರೆ ಸಾಕಂತೆ. ಯಾರು ಬೇಕಾದರೂ ಲೈಬ್ರರಿಯಿಂದ ಎಳೆದುಕೊಂಡು, ಎರಡು ತುದಿ ಎಲ್ಲೆಲ್ಲಿ ಎಂದು ತೋರಿಸಿಬಿಡಬೇಕು. ಉದ್ದ, ಬಳುಕು ಎಲ್ಲ ಅದೇ ನೋಡಿಕೊಳ್ಳಬೇಕು. ಮೋಟಾರ್ ಜರುಗಿಸಿದರೆ ಕೇಬಲ್ಲು ತಾನೇ ಹಿಂದೆ ಹೋಗಬೇಕು. "ನಿಮಗೂ ದಿನಾ ಈ ತಲೆನೋವು ತಪ್ಪತ್ತೆ" ಎಂದರು. ನಾನು ದಡ್ಡಿ, ಖುಷಿಯಾಗಿ ತಲೆಯಾಡಿಸಿ ಬಂದೆ.

ಆಮೇಲೆ ಶುರುವಾಯಿತು ನೋಡಿ ಪಡಿಪಾಟಲು. ನಾನು ಮಾಡಿದ ಮೊದಲ ಕೇಬಲ್ಲು ಎರಡು ತುದಿ ತೋರಿಸಿದ ಕೂಡಲೇ ಸಿಕ್ಕಿದ ಹತ್ತಿರದ ದಾರಿ ಹಿಡಿದು ಮೋಟಾರಿನ ಹೊಟ್ಟೆಯನ್ನೇ ಸೀಳಿಕೊಂಡು ಹೋಯಿತು. ಎರಡನೆಯದು ಬಾಗು ಎಂದರೆ ಬಾಗುತ್ತಾ ಬಾಗುತ್ತಾ ಜಿಲೇಬಿಯಾಯಿತು. ದಪ್ಪ ಕೇಬಲ್ಲು ನಿಧಾನವಾಗಿ ಬಾಗಬೇಕು, ತೆಳ್ಳಗಿನದು ಬೇಗ ಬಾಗಬಹುದು ಎಂದು ಅದಕ್ಕೆ ಬುದ್ಧಿ ಕಲಿಸಿದೆ. ಕಲಿತುಕೊಂಡಿತು. ಕಲಿತ ಮೇಲೆ ಎಷ್ಟು ಬಿಗಿಯಾಗಿ ನಿಂತಿತು ಎಂದರೆ ಮೀಟಿದರೆ ತಂಬೂರಿಯಂತೆ ನುಡಿಯಬೇಕು. ಅಂಥ ಕೇಬಲ್ಲನ್ನು ಶೆಡ್ಡಿನಲ್ಲಿ ಹಾಕಿದರೆ ಯಂತ್ರ ಅಲುಗಿದ ಕೂಡಲೇ ಕಿತ್ತುಕೊಂಡು ಬರುತ್ತದೆ. ತಲೆ ಚಿಟ್ಟು ಹಿಡಿದುಹೋಯಿತು.

ಆಗ ನೆನಪಾದದ್ದು ಅಮ್ಮ ಹೊಲಿಯುತ್ತಿದ್ದ ಲಂಗ. ನಾನು ಬೆಳೆಯುವ ಹುಡುಗಿ ಎಂದು ಅಮ್ಮ ಪ್ರತಿ ಲಂಗದ ಅಂಚಿನಲ್ಲೂ ಗೇಣಗಲ ಬಟ್ಟೆಯನ್ನು ಒಳಗೆ ಮಡಿಚಿ ಹೊಲಿಯುತ್ತಿದ್ದಳು. ಹೊಸ ತರಗತಿಗೆ ಹೋಗುವಾಗ ಒಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಮಾಸದ ಬಣ್ಣದ ಪಟ್ಟಿಯೊಂದು ಕಾಣುತ್ತಿತ್ತು. ಸ್ಕೂಲಿನಲ್ಲಿ ಅದನ್ನು ನೋಡಿ ಹುಡುಗಿಯರು ನಗುತ್ತಿದ್ದರು. ಇದ್ದಷ್ಟೇ ಅಳತೆಗೆ ಹೊಲಿದರೆ ನಾಳೆ ಹರಿಯುತ್ತದೆ, ಕೊಂಚ ಸಡಿಲ ಮೊದಲೇ ಒಳಗಿರಬೇಕು ಎಂಬುದು ಅಮ್ಮನ ಲೆಕ್ಕ. ಅದನ್ನೇ ಕೇಬಲ್ಲಿಗೆ ಹಾಕಿದೆ. ಎರಡು ತುದಿ, ಒಂದು ದಪ್ಪ, ಜೊತೆಗೆ ಇಷ್ಟು ಸಡಿಲ. ಮೋಟಾರನ್ನು ಹಿಡಿದು ಆಚೆ ಎಳೆದೆ. ಕೇಬಲ್ಲು ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ ಹಿಂದೆಯೇ ಬಂತು. ಈಚೆ ತಂದೆ, ಈಚೆ ಬಂತು. ನಾನು ಮಧ್ಯಾಹ್ನದ ಊಟ ಮರೆತು ಮೋಟಾರನ್ನು ಆಚೆ ಈಚೆ ಆಡಿಸುತ್ತಾ ಕೂತಿದ್ದೆ. ಈ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಕೇಬಲ್ಲು ಲೈಬ್ರರಿಗೆ ಹೋದ ದಿನ ಕೇಕ್ ಕತ್ತರಿಸಿದರು. "ಸೂಪರ್ ಮೇಡಂ", "ಇನ್ನು ನಿಮಗೆ ತೊಂದರೆನೇ ಇಲ್ಲ ಮೇಡಂ" ಎಂದು ಎಲ್ಲರೂ ಕೈಕುಲುಕಿದರು. ಎಂಥ ಸತ್ಯವಂತರು! ಮರುದಿನದಿಂದ ಯಾರೂ ಬರಲಿಲ್ಲ. ಒಂದೆರಡು ದಿನ ನನಗೂ ಹಾಯೆನಿಸಿತು. ಆಮೇಲೆ ಯಾರಾದರೂ ಎದ್ದು ನಿಂತರೆ ಸಾಕು, ನನ್ನ ಕಡೆಗೇ ಬರುತ್ತಾರೇನೋ ಎಂದು ಡ್ರಾಯರಿಗೆ ಕೈ ಹಾಕುತ್ತಿದ್ದೆ. ಅವರು ನೀರು ಕುಡಿಯಲು ಹೋಗುತ್ತಿದ್ದರು. ಅವರ ಮೋಟಾರುಗಳು ಹಿಂದಿಗಿಂತ ಹೆಚ್ಚಾಗಿಯೇ ಜರುಗುತ್ತಿದ್ದವು, ನನ್ನ ಕೇಬಲ್ಲುಗಳು ಹೇಳಿದ ಮಾತು ಕೇಳಿಕೊಂಡು ಹಿಂದೆ ಹಿಂದೆ ಓಡುತ್ತಿದ್ದವು. ಡಬ್ಬಿಯಲ್ಲಿನ ಕೋಡುಬಳೆ ಮೆತ್ತಗಾಯಿತು. ಎಸೆಯಲು ಮನಸ್ಸಾಗದೆ ನಾನೇ ತಿಂದೆ. ನನ್ನ ರವಿಕೆಗೆ ಅಮ್ಮ ಒಳಮಡಿಕೆ ಬಿಟ್ಟಿರಲಿಲ್ಲ, ಅದೊಂದು ಬೇರೆ ಕಷ್ಟ. ಒಂದು ಬೆಳಿಗ್ಗೆ ಬಂದು ನೋಡಿದರೆ ಪಕ್ಕದ ಕುರ್ಚಿಯೂ ಇಲ್ಲ. ಇಲ್ಲಿ ಯಾರೂ ಕೂರುವುದಿಲ್ಲವಲ್ಲ ಎಂದು ಸೆಂದಿಲ್ ಅವರು ಅದನ್ನು ಮೀಟಿಂಗ್ ರೂಮಿಗೆ ಹಾಕಿಸಿದ್ದರು.

ಒಂದು ಸೊಟ್ಟ ಚಕ್ರದ ಕುರ್ಚಿಗೆ ಇಷ್ಟೊಂದು ಗೋಳೇ ಎಂದು ನಿಮಗನ್ನಿಸಬಹುದು. ನನ್ನ ಮನೆಯನ್ನೂ ಸ್ವಲ್ಪ ಹೇಳಿದರೆ ತಿಳಿಯುತ್ತದೆ. ನಾನು ಮದುವೆಯಾದವಳಲ್ಲ. ಅಣ್ಣಾ ನಗರದ ಫ್ಲಾಟಿನಲ್ಲಿ ಅಮ್ಮ ನಾನು ಇಬ್ಬರೇ ಇದ್ದೆವು. ಸಂಜೆ ನಾನು ಬಾಗಿಲು ತೆರೆದು ಚಪ್ಪಲಿ ಬಿಟ್ಟು ಒಳಗೆ ಬಂದು ಎದುರಿಗೇ ನಿಂತಿದ್ದರೂ ಅಮ್ಮ "ಬಂದ್ಯಾ?" ಎಂದು ಕೇಳುತ್ತಿದ್ದಳು. "ಕಾಣಿಸ್ತಿಲ್ವಾಮ್ಮಾ, ಬಂದಿಲ್ದೆ ಇನ್ನೇನು?" ಎಂದು ನಾನು ದಿನವೂ ಸಿಡುಕುತ್ತಿದ್ದೆ. ಅಮ್ಮ ಹೋದ ಮೇಲೆ ಆ ಪ್ರಶ್ನೆಯೂ ಹೋಯಿತು. ಈಗ ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ನಾನೇ "ಬಂದೆ" ಎನ್ನುತ್ತೇನೆ. ಹಾಗೆ ಹೇಳಿ, ಗೋಡೆಯ ಮೇಲಿನ ಅಮ್ಮನ ಫೋಟೋ ಕಡೆಗೆ ನೋಡದೆ ಸೀದಾ ಅಡಿಗೆಮನೆಗೆ ನಡೆಯುತ್ತೇನೆ. ನೋಡಿದರೆ ಅಳು ಬರುತ್ತದೆ. ದಿನದಲ್ಲಿ ನಾನಾಡುವ ಕನ್ನಡ ಈಗ ಅದೊಂದೇ ಪದ. ಮೆಟ್ರೋದಲ್ಲಿ ಎಲ್ಲರ ಕಿವಿಯೂ ಮುಚ್ಚಿರುತ್ತದೆ; ಮೊದಲಾದರೆ ಕಿವಿಯಿಂದ ಒಂದು ವೈರಾದರೂ ನೇತಾಡುತ್ತಿತ್ತು, ನನ್ನ ವೃತ್ತಿಯವರಿಗೆ ನೋಡಿಕೊಂಡು ಕೂರಲು ಅಷ್ಟಾದರೂ ಇತ್ತು, ಈಗ ಅದೂ ಇಲ್ಲ. ಎಷ್ಟೋ ಭಾನುವಾರ ನನ್ನೊಂದಿಗೆ ಮನುಷ್ಯರಾಡಿದ ಮಾತೆಂದರೆ ಸಾಮಾನು ತಂದುಕೊಡುವವರು ಬಾಗಿಲಲ್ಲಿ ನಿಂತು ಕೇಳುವ "ಓಟಿಪಿ ಸೊಲ್ಲುಂಗ ಮಾ" ಮಾತ್ರ. ನಾನು ಆ ನಂಬರನ್ನು ಒಂದೊಂದಾಗಿ, ನಿಧಾನವಾಗಿ, ಕಥೆ ಹೇಳಿದ ಹಾಗೆ ಹೇಳುತ್ತೇನೆ. ಹಾಗೆ ಬದುಕುವವಳಿಗೆ ಆಫೀಸಿನ ಆ ಕುರ್ಚಿ ಬರೀ ಕುರ್ಚಿಯಾಗಿರಲಿಲ್ಲ, ನನ್ನ ಸಂಸಾರವೇ ಅದಾಗಿತ್ತು.

ಕುರ್ಚಿ ಹೋದ ವಾರದ ಶನಿವಾರ ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಪುರಸೈವಾಕ್ಕಮ್ಮಿಗೆ ಹೋದೆ. ನಿಜ ಹೇಳಬೇಕೆಂದರೆ ಗ್ಯಾಸ್ಕೆಟ್ ಚೆನ್ನಾಗಿಯೇ ಇತ್ತು. ಅಲ್ಲಿ ಕುಂದಾಪುರದ ಕಡೆಯ ರಘುವಣ್ಣನ ಹೋಟೆಲಿದೆ, ಅಲ್ಲಿ ಕನ್ನಡ ಸಿಗುತ್ತದೆ. ಜನವೂ ಕಡಿಮೆಯಿತ್ತು. ರಘುವಣ್ಣ ಗಲ್ಲಾದಿಂದ ಎದ್ದು ನನ್ನ ಟೇಬಲ್ಲಿನ ಹತ್ತಿರವೇ ಬಂದರು. "ಎಂತ ಅಮ್ಮ, ಮುಖ ಸಣ್ಣದು ಮಾಡಿಕೊಂಡು ಕೂತದ್ದು? ದೋಸೆ ಸರಿ ಆಗ್ಲಿಲ್ವಾ?" ಎಂದರು. ಅಷ್ಟು ಕೇಳಿದ್ದೇ ತಡ, ನಾನು ಕೇಬಲ್ಲಿನ ಪುರಾಣವನ್ನೆಲ್ಲ ಬಿಚ್ಚಿಬಿಟ್ಟೆ. ಅವರಿಗೆ ಕಂಪ್ಯೂಟರಿನಲ್ಲಿ ಯಂತ್ರ ಕಟ್ಟುವುದೂ ಗೊತ್ತಿಲ್ಲ, ಕೇಬಲ್ಲೂ ಗೊತ್ತಿಲ್ಲ, ಆದರೂ ಪೂರ್ತಿ ಕೇಳಿಸಿಕೊಂಡರು.

"ನಾವೂ ಒಮ್ಮೆ ಅಂಥದೇ ಕೆಲಸ ಮಾಡಿದ್ದುಂಟು ಮಾರಾಯ್ರೆ," ಎಂದರು. "ಚಟ್ನಿ, ಸಾಂಬಾರು ಎಲ್ಲ ಟೇಬಲ್ ಮೇಲೆಯೇ ಇಟ್ಟುಬಿಟ್ಟದ್ದು, ಬೇಕಾದಷ್ಟು ಹಾಕಿಕೊಳ್ಳಲಿ ಅಂತ. ಆಮೇಲೆ ಒಬ್ಬರೂ ಕರೆಯುವುದೇ ಇಲ್ಲ. ಬರ್ತಾರೆ, ತಿಂತಾರೆ, ಹೋಗ್ತಾರೆ. ಹೋಟ್ಲು ಹೋಗಿ ಆಸ್ಪತ್ರೆ ಹಾಗೆ ಆಯ್ತು. ಮತ್ತೆ ಒಳಗಿಟ್ಟೆವು. ಈಗ ನೋಡಿ, ಚಟ್ನಿ ಚಟ್ನಿ ಅಂತ ಬೊಬ್ಬೆ. ಆಗ ನಮ್ಮ ಹುಡುಗ್ರು ಹೋಗಿ ಎರಡು ಮಾತಾಡಿ ಬಡಿಸಿ ಬರ್ತಾರೆ."

"ಅಂದ್ರೆ ಬೇಕು ಅಂತಾನೇ ಕಾಯಿಸ್ತೀರಾ?" ಎಂದೆ.

"ಛೆ, ಕಾಯಿಸುವುದೆಂತಕ್ಕೆ? ಕರೆಯುವ ಹಾಗೆ ಮಾಡುವುದಷ್ಟೆ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಟೇಬಲ್ ಮೇಲಿಟ್ರೆ ಚಟ್ನಿಯೂ ತುಂಬ ಖರ್ಚಾಗ್ತದೆ" ಎಂದೂ ಸೇರಿಸಿದರು. ನಾನು ಮಾತ್ರ ಮೊದಲಿನ ಮಾತನ್ನಷ್ಟೇ ಕಟ್ಟಿಕೊಂಡು ಮನೆಗೆ ಬಂದೆ. ಗ್ಯಾಸ್ಕೆಟ್ ಕೊಳ್ಳುವುದು ಮರೆತೇಹೋಯಿತು.

ಸೋಮವಾರ ಕೇಬಲ್ಲಿಗೆ ಒಂದು ಸಣ್ಣ ತಿದ್ದುಪಡಿ ಮಾಡಿದೆ. ಇಲ್ಲಿಯವರೆಗೆ ಸಡಿಲ ಎಷ್ಟಿರಬೇಕೆಂಬುದನ್ನು ಕೇಬಲ್ಲು ತಾನೇ ಅಂದಾಜು ಮಾಡಿಕೊಳ್ಳುತ್ತಿತ್ತು. ಆ ಅಂದಾಜನ್ನು ಕಿತ್ತು, ಆ ಜಾಗವನ್ನು ಖಾಲಿ ಬಿಟ್ಟು, ಕೇಬಲ್ಲು ಎಳೆದ ಕೂಡಲೇ ಪರದೆಯ ಮೇಲೆ ಒಂದು ಮಾತು ಮೂಡುವಂತೆ ಮಾಡಿದೆ: ಸಡಿಲ ಎಷ್ಟೆಂದು ವತ್ಸಲಾ ಅವರನ್ನು ಕೇಳಿ. ಅಷ್ಟೇ. ಸೆಂದಿಲ್ ಅವರು ಏನಿದು ಎಂದಾಗ, "ಸಡಿಲ ಅನ್ನೋದು ಅನುಭವದ ವಿಷಯ ಸಾರ್, ಕಂಪ್ಯೂಟರಿಗೆ ಬಿಡೋಕಾಗತ್ತಾ?" ಎಂದು ಗಂಭೀರವಾಗಿ ಹೇಳಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಮೇಡಂ" ಎಂದು ಹೊರಟುಹೋದರು.

ಅಂದು ಮಧ್ಯಾಹ್ನವೇ ನಿವೇದಾ ಬಂದಳು. ಮೋಟಾರಿನಿಂದ ಸ್ವಿಚ್ಚುಗಳ ಪೆಟ್ಟಿಗೆಗೆ ಹೋಗುವ ಕೇಬಲ್ಲು. ನಾನು ಕನ್ನಡಕ ಏರಿಸಿ, ನೋಡಿ, ಎಂಬತ್ತು ಮಿಲಿಮೀಟರ್ ಸಡಿಲ ಹಾಕು ಎಂದೆ. ಸರಿಯಾದ ಲೆಕ್ಕವೇ. ಆಮೇಲೆ ಬಂದವರಿಗೆ? ಅವರಿಗೂ ಎಂಬತ್ತು ಎಂದೆ. ಏಕೆಂದರೆ ಅಷ್ಟು ದಿನಗಳ ಮೇಲೆ ಬಂದವರ ಮುಖ ನೋಡುವುದೋ, ಪರದೆ ನೋಡುವುದೋ? ಒಬ್ಬರ ಮಗ ಈಜು ಕಲಿತಿದ್ದ, ಇನ್ನೊಬ್ಬರ ಅತ್ತೆ ಕೊನೆಗೂ ಊರಿಗೆ ಹೊರಟಿದ್ದರು. ಕುರ್ಚಿ ಇಲ್ಲದ್ದರಿಂದ ನಿಂತುಕೊಂಡೇ ಮಾತಾಡುತ್ತಿದ್ದರು, ಬೇಗ ಹೋಗಿಬಿಡುತ್ತಾರೆಂದು ನಾನು ಅವಸರದಲ್ಲಿ ಕೋಡುಬಳೆ ಮುಂದಿಡುತ್ತಿದ್ದೆ. "ಮೇಡಂ, ಸಡಿಲ?" ಎಂದು ಅವರು ನೆನಪಿಸಿದರೆ, "ಎಂಬತ್ತು, ಎಂಬತ್ತು, ಅದಿರಲಿ, ಆಮೇಲೇನಾಯ್ತು ಹೇಳು" ಎನ್ನುತ್ತಿದ್ದೆ.

ಈ ಸುಖ ಬಹಳ ದಿನ ಬಾಳಲಿಲ್ಲ. ಒಂದು ಮೀಟಿಂಗಿನಲ್ಲಿ ನಿವೇದಾ ಬಾಯಿಬಿಟ್ಟಳು. "ಸಾರ್, ಮೇಡಂ ಎಲ್ಲರಿಗೂ ಎಂಬತ್ತೇ ಹೇಳ್ತಾರೆ. ಅದನ್ನೇ ಲೈಬ್ರರಿಯಲ್ಲಿ ಹಾಕಿಬಿಟ್ಟರೆ ಅವರನ್ನ ಡಿಸ್ಟರ್ಬ್ ಮಾಡೋ ಹಾಗೇ ಇಲ್ಲ ಅಲ್ವಾ?" ಪಾಪ, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಅವಳ ಸೀರೆಯ ಬಣ್ಣ ಆರಿಸಿಕೊಟ್ಟದ್ದಕ್ಕೆ ಒಳ್ಳೆಯ ಉಡುಗೊರೆಯನ್ನೇ ಕೊಟ್ಟಳು. ಎಲ್ಲರೂ ಹೌದೆಂದರು. ಸೆಂದಿಲ್ ಅವರು ನನ್ನ ಕಡೆ ತಿರುಗಿ, "ಹಾಕಿಬಿಡಿ ಮೇಡಂ" ಎಂದರು. ಎಲ್ಲಕ್ಕೂ ಎಂಬತ್ತು ಸರಿಹೋಗುವುದಿಲ್ಲ ಎಂದು ಹೇಳಬೇಕಾಗಿತ್ತು. ಹೇಳಿದರೆ, ಹಾಗಾದರೆ ನಮಗೆಲ್ಲ ಯಾಕೆ ಎಂಬತ್ತು ಹೇಳಿದಿರಿ ಎಂದು ಕೇಳುತ್ತಾರೆ. ನಾಲಿಗೆ ಕಚ್ಚಿಕೊಂಡು, ನನ್ನ ಹೆಸರಿದ್ದ ಆ ಮಾತನ್ನು ನಾನೇ ಅಳಿಸಿ, ಖಾಲಿ ಜಾಗದಲ್ಲಿ ಎಂಬತ್ತು ಎಂದು ಬರೆದೆ. ಅಂದು ಸಂಜೆ ಮನೆಗೆ ಬಂದು "ಬಂದೆ" ಎನ್ನಲೂ ಮನಸ್ಸಾಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಅಂಬತ್ತೂರಿನ ಶೆಡ್ಡಿನಿಂದ ಒಂದು ಫೋಟೋ ಬಂತು. ನಮ್ಮ ಹೊಸ ಯಂತ್ರ. ಮಾರುದ್ದದ ಕೇಬಲ್ಲಿಗೂ ಎಂಬತ್ತು ಸಡಿಲ, ಬೆರಳುದ್ದದ ಕೇಬಲ್ಲಿಗೂ ಅದೇ ಎಂಬತ್ತು. ಪಕ್ಕಪಕ್ಕದಲ್ಲಿ ಅಂಟಿಕೊಂಡಂತಿದ್ದ ಎರಡು ಸ್ವಿಚ್ ಪೆಟ್ಟಿಗೆಗಳ ನಡುವೆ ಒಂದು ಕೇಬಲ್ಲು ಜಡೆಕುಚ್ಚಿನ ಹಾಗೆ ಜೋತುಬಿದ್ದಿತ್ತು. ಅಂಥವು ಒಂದೇ, ಎರಡೇ? ಯಂತ್ರದ ಮೈತುಂಬ ಜಡೆಕುಚ್ಚುಗಳೇ. ಫಿಟ್ಟರ್ ಮಹಾಶಯರು ಕೆಳಗೆ ತಮಿಳಿನಲ್ಲಿ ಬರೆದಿದ್ದರು: "ಕೃಷ್ಣಜಯಂತಿಗೆ ಉಯ್ಯಾಲೆ ಕಟ್ಟಿದ್ದೀರಾ?" ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇದೇ ಡ್ರಾಯಿಂಗಿನಲ್ಲಿ ಇನ್ನೂ ಹಲವು ಯಂತ್ರಗಳು ಹೊರಡಬೇಕಿತ್ತು.

ಸೆಂದಿಲ್ ಅವರು ಬೈಯಲಿಲ್ಲ. "ನೀವೆಲ್ಲ ಮೇಡಂ ಹತ್ತಿರ ಒಟ್ಟಿಗೆ ಕೂತು, ಒಂದೊಂದು ಕೇಬಲ್ಲನ್ನೂ ತೋರಿಸಿ, ಅವರು ಹೇಳಿದ ಹಾಗೆ ಸರಿಮಾಡಿ. ಈ ವಾರ ಪೂರ್ತಿ ಅದೇ ಕೆಲಸ," ಎಂದರು. ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಹಾಗೆ ಒಂದೊಂದಾಗಿ ಸರಿಮಾಡುವ ಅಗತ್ಯವೇ ಇರಲಿಲ್ಲ. ಆ ಕೇಬಲ್ಲುಗಳೆಲ್ಲ ಲೈಬ್ರರಿಯ ಒಂದೇ ಕೇಬಲ್ಲಿನ ಮಕ್ಕಳು. ಲೈಬ್ರರಿಯಲ್ಲಿ ಎಂಬತ್ತನ್ನು ಅಳಿಸಿ, ನಾನೇ ಕಿತ್ತಿದ್ದ ಹಳೆಯ ಅಂದಾಜಿನ ಹಾಗೆ ತುದಿಗಳ ನಡುವಿನ ದೂರಕ್ಕೆ ತಕ್ಕಷ್ಟು ಸಡಿಲ ಎಂದು ಒಂದು ಸಾಲು ಬರೆದರೆ ಎಲ್ಲವೂ ಒಟ್ಟಿಗೇ ತಾವಾಗಿ ಮೈ ಸರಿಪಡಿಸಿಕೊಳ್ಳುತ್ತವೆ. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಈ ಮಾತು ನನ್ನ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ನಿವೇದಾ ಮೀಟಿಂಗ್ ರೂಮಿನಿಂದ ಸೊಟ್ಟ ಚಕ್ರದ ಕುರ್ಚಿಯನ್ನು ಗಡಗಡ ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಹಾಕಿ, ಎಡಕ್ಕೆ ವಾಲಿ ಕೂತು, "ಡಬ್ಬಿ ಎಲ್ಲಿ ಮೇಡಂ?" ಎಂದಳು. ಗಂಟಲಿನವರೆಗೆ ಬಂದದ್ದನ್ನು ನುಂಗಿಕೊಂಡೆ.

ಆ ವಾರವನ್ನು ಏನೆಂದು ಹೇಳಲಿ! ಬೆಳಿಗ್ಗೆ ಬೇಗ ಎದ್ದು ಕೋಡುಬಳೆ ಕರಿದು ಡಬ್ಬಿ ತುಂಬಿಕೊಂಡು ಬರುತ್ತಿದ್ದೆ. ನನ್ನ ಮೇಜಿನ ಸುತ್ತ ಕುರ್ಚಿಗಳೋ ಕುರ್ಚಿಗಳು. ಒಂದು ಕೇಬಲ್ಲು ನೋಡುವುದು, ಒಂದು ಕಥೆ ಕೇಳುವುದು. ಕೆಲಸ ಆಮೆಯಂತೆ ಸಾಗಿತು. ಎಲ್ಲಿ ಬೇಗ ಮುಗಿದುಬಿಡುತ್ತದೋ ಎಂದು ನಾನು ಒಮ್ಮೆ ನೋಡಿದ ಕೇಬಲ್ಲನ್ನೇ "ಇದನ್ನ ಇನ್ನೊಂದು ಸಲ ನೋಡೋಣ" ಎನ್ನುತ್ತಿದ್ದೆ. ಸೆಂದಿಲ್ ಅವರು ಕ್ಯಾಬಿನ್ನಿನ ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಿದ್ದರು. ನಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂದುಕೊಂಡೆ.

ಗುರುವಾರ ಎಲ್ಲರೂ ಟೀ ಕುಡಿಯಲು ಕೆಳಗೆ ಹೋದಾಗ ಅವರು ಮೆಲ್ಲಗೆ ಬಂದು ಆ ಕುರ್ಚಿಯಲ್ಲಿ ಕೂತರು. ಅವರೂ ಎಡಕ್ಕೆ ವಾಲಿದರು.

"ಮೇಡಂ, ಒಂದು ಡೌಟು."

"ಹೇಳಿ ಸಾರ್."

"ಲೈಬ್ರರಿಯಲ್ಲಿ ಆ ಎಂಬತ್ತಿನ ಜಾಗದಲ್ಲಿ ಒಂದು ಸಾಲು ಬರೆದರೆ ಎಲ್ಲ ಕೇಬಲ್ಲೂ ಒಟ್ಟಿಗೇ ಸರಿಹೋಗತ್ತೆ ಅಲ್ವಾ?"

ನನ್ನ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ನೆಲ ಬಾಯಿಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಹೋಗುತ್ತಿದ್ದೆ. "ಹೌದು ಸಾರ್," ಎಂದೆ.

"ನಿಮಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ನನಗೂ," ಎಂದರು.

ನಾನು ಅವರ ಮುಖ ನೋಡಿದೆ. ಅವರು ಡಬ್ಬಿಯ ಕಡೆ ನೋಡುತ್ತಾ ಹೇಳಿದರು: "ನನ್ನ ಕ್ಯಾಬಿನ್ನಿಗೂ ಯಾರೂ ಬರಲ್ಲ ಮೇಡಂ. ಪಕ್ಕದಲ್ಲೇ ಕೂತಿರ್ತಾರೆ, ಮೇಲ್ ಹಾಕ್ತಾರೆ. ರೂಮಿಗೆ ಹೋದ್ರೆ ಟಿವಿ. ಮುಂಚೆ ಈ ಕಡೆಯಿಂದ ದಿನಾ ನಗು ಕೇಳಿಸ್ತಿತ್ತು. ಕೇಬಲ್ ಮಾಡಿಸಿ ಅದನ್ನ ನಿಲ್ಲಿಸಿದ್ದು ನಾನೇ. ಕುರ್ಚಿ ತೆಗೆಸಿದ ಮೇಲೆ ಗೊತ್ತಾಯ್ತು. ಅದಕ್ಕೇ ಈ ವಾರ ಬಾಗಿಲು ತೆಗೆದಿಟ್ಟೆ." ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, "ಇದು ಸಿಹಿ ಅಲ್ಲ ತಾನೇ?" ಎಂದು ಒಂದು ಕೋಡುಬಳೆ ತೆಗೆದುಕೊಂಡರು. "ನಾಳೆ ಆ ಸಾಲು ಬರೆದುಬಿಡಿ. ಇನ್ನೂ ಎಳೆದರೆ ನಮ್ಮಿಬ್ಬರ ಕೆಲಸಾನೂ ಹೋಗತ್ತೆ."

"ಇವತ್ತೇ ಬರೀಲಾ ಸಾರ್?"

"ಬೇಡ. ಅವರೆಲ್ಲ ಟೀ ಕುಡಿದು ವಾಪಸ್ ಬರ್ತಾರೆ," ಎಂದರು.

ಶುಕ್ರವಾರ ಆ ಸಾಲು ಬರೆದೆ. ಜಡೆಕುಚ್ಚುಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮೇಲೆದ್ದು ತಮ್ಮತಮ್ಮ ಅಳತೆಗೆ ಬಂದು ನಿಂತವು. ಎಲ್ಲರೂ ಚಪ್ಪಾಳೆ ತಟ್ಟಿ, "ಸೂಪರ್ ಮೇಡಂ" ಎಂದು, ತಮ್ಮ ತಮ್ಮ ಕುರ್ಚಿ ಎಳೆದುಕೊಂಡು ಹೋದರು. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಸೊಟ್ಟ ಚಕ್ರದ ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಅದನ್ನು ಮೀಟಿಂಗ್ ರೂಮಿಗೆ ಒಯ್ಯಬೇಕೆಂದು ಯಾರಿಗೂ ಯಾರೂ ಹೇಳಲಿಲ್ಲ. ಶನಿವಾರ, ಭಾನುವಾರ ಎಂದಿನಂತೆ ಓಟಿಪಿ ಹೇಳಿಕೊಂಡು ಕಳೆದೆ.

ಸೋಮವಾರ ನಾನಿನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಸೆಂದಿಲ್ ಅವರು ಲ್ಯಾಪ್‌ಟಾಪ್ ಹಿಡಿದು ಬಂದು ನಿಂತರು. "ಬಂದ್ರಾ ಮೇಡಂ?" ಎಂದರು. ಎದುರಿಗೇ ನಿಂತಿದ್ದೇನೆ, ಕಾಣಿಸುತ್ತಿಲ್ಲವೇ! ಎಷ್ಟು ವರ್ಷವಾಗಿತ್ತು ಹಾಗೆ ನನ್ನನ್ನು ಒಬ್ಬರು ಕೇಳಿ. ಸಿಡುಕಲಿಲ್ಲ. "ಬಂದೆ ಸಾರ್," ಎಂದೆ.

"ಈ ಮೋಟಾರ್ ಸ್ವಲ್ಪ ಜರುಗಿದೆ. ಕೇಬಲ್ ಸರಿ ಇದೆಯಾ ನೋಡಿ," ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೋಟಾರ್ ಕೂದಲೆಳೆಯಷ್ಟೂ ಜರುಗಿರಲಿಲ್ಲ. ಕೇಬಲ್ಲಿಗೆ ಏನೇನೂ ಆಗಿರಲಿಲ್ಲ. ಅವರ ಮುಖ ಮಾತ್ರ ಬಹಳ ಗಂಭೀರವಾಗಿತ್ತು. ನಾನು ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ, ಆ ಕಡೆಯಿಂದ ಈ ಕಡೆಯಿಂದ ನೋಡಿ, ಹಣೆ ಚಚ್ಚಿಕೊಂಡೆ.

"ಅಯ್ಯೋ ಸಾರ್, ಎಲ್ಲದಕ್ಕೂ ನಾನೇ ಬೇಕು ನಿಮಗೆ. ಇದು ಅಷ್ಟು ಬೇಗ ಆಗೋ ಕೆಲಸವಲ್ಲ. ಕೂತ್ಕೊಳ್ಳಿ," ಎಂದು ಡ್ರಾಯರ್ ಎಳೆದೆ.